ನಾಯಿಯ ಅಳತೆಗೋಲಿಗೆ ಸಿಗದ ಪ್ರಾಣಿಗಳು

(ಪಶುವೈದ್ಯಕೀಯ ವಿದ್ಯಾರ್ಥಿಗಳು ಮತ್ತು ಸಾಕುಪ್ರಾಣಿ ಇಟ್ಟುಕೊಂಡವರು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತುಗಳು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲುಗಳಲ್ಲಿ ಕೂತವರಲ್ಲಿ ಹೆಚ್ಚಿನವರು ಬಿ.ವಿ.ಎಸ್‌ಸಿ. ಓದುತ್ತಿರುವವರು. ಹಿಂದೆ ಕೂತವರ ಮನೆಯಲ್ಲಿ ಮೊಲವೋ ಆಮೆಯೋ ಹಕ್ಕಿಯೋ ಇದೆ. ನನ್ನ ಮಾತು ಮುಖ್ಯವಾಗಿ ಮುಂದಿನವರಿಗೆ. ಹಿಂದಿನವರಿಗೂ ಅಲ್ಲಲ್ಲಿ ತಾಗಬಹುದು, ಬೇಜಾರು ಮಾಡ್ಕೋಬೇಡಿ.

ಇಂಟರ್ನ್‌ಶಿಪ್‌ಗೆ ಬರುವ ಹುಡುಗ ಹುಡುಗಿಯರಿಗೆ ನಾನು ಒಂದು ಫೋಟೋ ತೋರಿಸುತ್ತೇನೆ. ಒಬ್ಬನ ಹೆಗಲ ಮೇಲೆ ಹಸಿರು ಇಗ್ವಾನಾ, ಅಂದರೆ ದೊಡ್ಡ ಹಲ್ಲಿಯಂಥ ಸರೀಸೃಪ, ಕೂತಿದೆ. ಕಣ್ಣು ಅರ್ಧ ಮುಚ್ಚಿದೆ. ಅಲ್ಲಾಡುತ್ತಿಲ್ಲ. "ಹೇಗಿದೆ ಇದು?" ಅಂತ ಕೇಳುತ್ತೇನೆ. "ಆರಾಮಾಗಿದೆ ಮೇಡಂ, ಚೆನ್ನಾಗಿ ಪಳಗಿದೆ" ಅನ್ನುತ್ತಾರೆ. ಯಾವಾಗಲೋ ಒಮ್ಮೆ ಯಾರಾದರೂ ಒಬ್ಬರು "ಆ ರೂಮಿನಲ್ಲಿ ಎಷ್ಟು ಡಿಗ್ರಿ ಇತ್ತು ಮೇಡಂ?" ಅಂತ ಕೇಳುತ್ತಾರೆ. ಅವರು ಮುಂದೆ ಒಳ್ಳೆಯ ಡಾಕ್ಟರ್ ಆಗುತ್ತಾರೆ ಅಂತ ನನಗೆ ಅಲ್ಲೇ ಗೊತ್ತಾಗುತ್ತದೆ. ಯಾಕಂದರೆ ಇಗ್ವಾನಾ ತನ್ನ ಮೈಯ ಬಿಸಿಯನ್ನು ಹೊರಗಿನಿಂದ ತೆಗೆದುಕೊಳ್ಳುವ ಪ್ರಾಣಿ. ಎ.ಸಿ. ರೂಮಿನಲ್ಲಿ ಅದಕ್ಕೆ ಓಡಲು ಆಗುವುದಿಲ್ಲ. ಮೈ ತಣ್ಣಗಾಗಿ ಕೂತಿರುವುದನ್ನು ನಾವು ಪಳಗಿದೆ ಅಂತ ಓದುತ್ತೇವೆ. ಕಣ್ಣು ಮುಚ್ಚಿದ್ದು ನೆಮ್ಮದಿಗಲ್ಲ, ತಪ್ಪಿಸಿಕೊಳ್ಳಲು ಆಗದ ಭಯಕ್ಕೂ ಇರಬಹುದು.

ಈ ವಿದ್ಯಾರ್ಥಿಗಳು ದಡ್ಡರಲ್ಲ. ಐದೂವರೆ ವರ್ಷದ ಕೋರ್ಸು, ಕೊನೆಯ ವರ್ಷ ಪೂರ್ತಿ ಇಂಟರ್ನ್‌ಶಿಪ್. ಹಸುವಿನ ಕೆಚ್ಚಲು ಬಾವು, ಕುರಿಯ ಪಿ.ಪಿ.ಆರ್., ಕೋಳಿಯ ರಾಣಿಖೇತ್, ನಾಯಿಯ ಪಾರ್ವೊ, ಯಾವುದನ್ನು ಕೇಳಿದರೂ ಹೇಳುತ್ತಾರೆ. ನಮ್ಮ ಪಠ್ಯ ಹಾಗೇ ಇದೆ, ಹಾಗೇ ಇರಬೇಕು ಕೂಡ. ಕರ್ನಾಟಕಕ್ಕೆ ಬೇಕಾಗಿರುವುದು ಮೊದಲು ಹಸು, ಎಮ್ಮೆ, ಕುರಿಯ ಡಾಕ್ಟರ್. ಆದರೆ ಮೊಲ ನಿಮ್ಮ ಪುಸ್ತಕದಲ್ಲಿ ಬರುವುದು ಮಾಂಸಕ್ಕೆ ಸಾಕುವ ಪ್ರಾಣಿಯಾಗಿ, ಇಲ್ಲವೇ ಪ್ರಯೋಗಾಲಯದ ಪ್ರಾಣಿಯಾಗಿ. ಹಾವು, ಆಮೆ, ಗಿಳಿ ಬರುವುದು ಮೃಗಾಲಯ ಮತ್ತು ಕಾಡುಪ್ರಾಣಿಗಳ ಪಾಠದಲ್ಲಿ. ಜಯನಗರದ ಫ್ಲ್ಯಾಟಿನ ನಾಲ್ಕನೇ ಮಹಡಿಯಲ್ಲಿ ಒಂಟಿಯಾಗಿರುವ ಮೊಲ ಈ ಎರಡು ಪಾಠಗಳ ನಡುವೆ ಬಿದ್ದುಹೋಗುತ್ತದೆ. ಅದರ ವೆಲ್ಫೇರ್, ಅಂದರೆ ಕ್ಷೇಮ, ಹೇಗೆ ನೋಡಬೇಕು ಅಂತ ಯಾರೂ ಕೂತು ಹೇಳಿಕೊಟ್ಟಿರುವುದಿಲ್ಲ. ಆಗ ವಿದ್ಯಾರ್ಥಿ ತನ್ನ ಕೈಯಲ್ಲಿರುವ ಅಳತೆಗೋಲನ್ನೇ ಬಳಸುತ್ತಾನೆ. ಅದು ನಾಯಿಯದ್ದು.

ನಾಯಿ ಸಾವಿರಾರು ವರ್ಷ ನಮ್ಮ ಜೊತೆ ಬಾಳಿದ ಪ್ರಾಣಿ. ನೋವಾದರೆ ಕುಂಯ್ಗುಡುತ್ತದೆ, ಖುಷಿಯಾದರೆ ಬಾಲ ಆಡಿಸುತ್ತದೆ. ಯಜಮಾನ ಮುದ್ದು ಮಾಡಿದರೆ ಅದಕ್ಕೂ ಬೇಕು. ಹಾಗಾಗಿ ನಾಯಿಯ ವಿಷಯದಲ್ಲಿ "ಚೆನ್ನಾಗಿ ತಿನ್ನುತ್ತಿದೆ, ಮನೆಯವರು ಪ್ರೀತಿಯಿಂದ ನೋಡಿಕೊಳ್ಳುತ್ತಾರೆ, ಗಲಾಟೆ ಮಾಡಲ್ಲ" ಅಂದರೆ ಮುಕ್ಕಾಲು ಪಾಲು ಸರಿ ಇದೆ ಅಂತ ಅರ್ಥ. ಇದೇ ಮೂರು ಮಾತನ್ನು ಮೊಲಕ್ಕೋ ಆಮೆಗೋ ಹಾವಿಗೋ ಹಾಕಿದರೆ ಮೂರೂ ಕೈಕೊಡುತ್ತವೆ.

ಮೊಲದಿಂದಲೇ ಶುರು ಮಾಡೋಣ. ನಿಮ್ಮ ಟೇಬಲ್ಲಿಗೆ ಹಾವಿಗಿಂತ, ಇಗ್ವಾನಾಗಿಂತ ಜಾಸ್ತಿ ಬರುವುದು ಅದೇ.

"ಡಾಕ್ಟ್ರೇ, ನಿನ್ನೆವರೆಗೂ ಚೆನ್ನಾಗಿತ್ತು. ಇವತ್ತು ಕ್ಯಾರೆಟ್ ಕೂಡ ಮುಟ್ತಿಲ್ಲ" ಅಂತ ಬರುತ್ತಾರೆ. ನಿನ್ನೆವರೆಗೂ ಚೆನ್ನಾಗಿತ್ತು ಅನ್ನುವುದನ್ನು ನಂಬಬೇಡಿ. ಅವರು ಸುಳ್ಳು ಹೇಳುತ್ತಿಲ್ಲ, ಮೊಲ ಹೇಳಿಲ್ಲ ಅಷ್ಟೇ. ಬೇಟೆಗೆ ಸಿಗುವ ಪ್ರಾಣಿ ತನ್ನ ನೋವನ್ನು ತೋರಿಸಿಕೊಂಡರೆ ನರಿಗೆ ಮೊದಲು ಸಿಗುವುದು ಅದೇ. ಹಾಗಾಗಿ ಕೊನೆಯವರೆಗೂ ಮುಚ್ಚಿಡುತ್ತದೆ. ಮೊಲದ ಹಲ್ಲು ಬದುಕಿರುವಷ್ಟು ಕಾಲವೂ ಬೆಳೆಯುತ್ತಲೇ ಇರುತ್ತದೆ. ಮುಂದಿನ ಹಲ್ಲು ವಾರಕ್ಕೆ ಸುಮಾರು 2 ಮಿಲಿಮೀಟರ್. ಹಿಂದಿನ ದವಡೆ ಹಲ್ಲುಗಳೂ ಬೆಳೆಯುತ್ತವೆ, ಅದನ್ನು ಮರೆಯುವವರೇ ಜಾಸ್ತಿ. ದಿನವಿಡೀ ಹುಲ್ಲು ಅಗಿದರೆ ಮಾತ್ರ ಅವು ಸರಿಯಾಗಿ ಸವೆಯುತ್ತವೆ. ಕ್ಯಾರೆಟ್, ಎಲೆಕೋಸು, ಬಿಸ್ಕತ್ತು, ಬ್ರೆಡ್ ತಿಂದ ಮೊಲದ ದವಡೆ ಹಲ್ಲು ಚೂಪಾಗಿ ನಾಲಿಗೆಯನ್ನು ಕೊಯ್ಯುತ್ತಿರುತ್ತದೆ. ಮನೆಯವರು ಬಾಯಿ ಮುಂದೆ ಎತ್ತಿ ನೋಡಿ "ಹಲ್ಲು ಸರಿಯಾಗೇ ಇದೆ" ಅನ್ನುತ್ತಾರೆ. ಒಳಗೆ ನೋಡಲು ಆಟೋಸ್ಕೋಪ್ (ಕಿವಿಯೊಳಗೆ ನೋಡುವ ದೀಪದ ಉಪಕರಣ) ಬೇಕು.

ಇಲ್ಲಿ ವಿದ್ಯಾರ್ಥಿಗೆ ಹೊಳೆಯುವುದು ಔಷಧ. ಮನೆಯವರಿಗೆ ಹೊಳೆಯುವುದೂ ಅದೇ. ಆದರೆ ನೀವು ಮೊದಲು ಕೇಳಬೇಕಾದ್ದು ಹಿಕ್ಕೆ ಬಗ್ಗೆ. ಎಷ್ಟು ಹಾಕಿದೆ, ಗಾತ್ರ ಎಷ್ಟು, ಒಂದಕ್ಕೊಂದು ಕೂದಲಿಂದ ಅಂಟಿಕೊಂಡಿದೆಯಾ? ಹಿಕ್ಕೆ ಸಣ್ಣದಾಗುತ್ತಾ ಬಂದಿದ್ದರೆ ಕರುಳು ನಿಧಾನ ಆಗಿ ಕೆಲವು ದಿನವೇ ಆಗಿದೆ. ಮೊಲ ವಾಂತಿ ಮಾಡಲಾರದು. ಹೊಟ್ಟೆ ಖಾಲಿ ಇಟ್ಟರೆ ಕರುಳು ನಿಂತೇಹೋಗಬಹುದು. ಅದಕ್ಕೇ ನಾಯಿಯ ಹಾಗೆ ಆಪರೇಷನ್‌ಗೆ ಮುಂಚೆ ಉಪವಾಸ ಕೆಡವುವಂತಿಲ್ಲ. ಇನ್ನೊಂದು, ಬಾಯಿಗೆ ಹಾಕುವ ಅಮಾಕ್ಸಿಸಿಲಿನ್. ನಾಯಿಗೆ ಕಣ್ಣುಮುಚ್ಚಿ ಬರೆಯುವ ಸಿರಪ್. ಅದೇ ಸಿರಪ್ ಮೊಲದ, ಗಿನಿಪಿಗ್‌ನ, ಹ್ಯಾಮ್ಸ್ಟರ್‌ನ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕೊಂದು, ಕ್ಲಾಸ್ಟ್ರಿಡಿಯಂ ಅನ್ನುವ ಕೆಟ್ಟ ಬ್ಯಾಕ್ಟೀರಿಯಾದ ವಿಷ ತುಂಬಿಸಿ, ಪ್ರಾಣಿಯನ್ನೇ ಕೊಲ್ಲಬಹುದು. ಉಣ್ಣೆ ಹುಳುವಿಗೆ ಅಂತ ನಾಯಿಯ ಬೆನ್ನಿಗೆ ಹಚ್ಚುವ ಫಿಪ್ರೊನಿಲ್ ಕೂಡ ಮೊಲಕ್ಕೆ ಆಗಿಬರುವುದಿಲ್ಲ.

ಹುಲ್ಲು ಎಲ್ಲಿಂದ ತರೋದು ಅಂತ ಹಿಂದಿನವರು ಕೇಳುತ್ತಿದ್ದೀರಿ. ಆನ್‌ಲೈನಿನಲ್ಲಿ ಪ್ಯಾಕೆಟ್ ಬರುತ್ತದೆ, ಬೆಲೆ ಕೇಳಿದರೆ ಹಸುವನ್ನೇ ಕಟ್ಟಬಹುದಿತ್ತು ಅನ್ನಿಸುತ್ತದೆ. ಗರಿಕೆ ಹುಲ್ಲು ಒಳ್ಳೆಯದು. ಔಷಧಿ ಹೊಡೆಯದ ಜಾಗದಿಂದ ತಂದು ಒಣಗಿಸಿಕೊಳ್ಳಿ. ಕುದುರೆ ಮಸಾಲೆ ಸೊಪ್ಪು ಮರಿಗಳಿಗೆ ಸರಿ. ದೊಡ್ಡ ಮೊಲಕ್ಕೆ ದಿನಾ ಅದನ್ನೇ ಹಾಕಿದರೆ ಸುಣ್ಣದ ಅಂಶ ಜಾಸ್ತಿಯಾಗಿ ಮೂತ್ರದಲ್ಲಿ ಗಸಿ ಕಟ್ಟುತ್ತದೆ. ಗಿನಿಪಿಗ್ ಇಟ್ಟವರಿಗೆ ಇನ್ನೊಂದು ಮಾತು. ಅದಕ್ಕೆ ನಮ್ಮ ಹಾಗೇ ವಿಟಮಿನ್ ಸಿ ಮೈಯಲ್ಲಿ ತಯಾರಾಗುವುದಿಲ್ಲ. ದೊಣ್ಣೆ ಮೆಣಸಿನಕಾಯಿ, ಒಂದು ಚೂರು ಸೀಬೆಹಣ್ಣು, ಸ್ವಲ್ಪ ಕೊತ್ತಂಬರಿ ಸೊಪ್ಪು, ಇಷ್ಟು ಸಾಕು. ಕುಂಟುವ ಗಿನಿಪಿಗ್‌ಗೆ ಎಕ್ಸ್‌ರೇ ಬರೆಯುವ ಮುಂಚೆ ಏನು ತಿನ್ನುತ್ತದೆ ಅಂತ ಕೇಳಿ.

ಪ್ರೀತಿಯ ವಿಷಯಕ್ಕೆ ಬರುತ್ತೇನೆ. ಎಕ್ಸಾಟಿಕ್, ಅಂದರೆ ಹೊರದೇಶದ ಪ್ರಾಣಿ ಇಟ್ಟವರನ್ನು ವಿದ್ಯಾರ್ಥಿಗಳು ಎರಡು ಗುಂಪು ಮಾಡುವುದನ್ನು ನೋಡಿದ್ದೇನೆ. ಪ್ರೀತಿಯಿಂದ ಇಟ್ಟವರು, ಶೋಕಿಗೆ ಇಟ್ಟವರು. ಪ್ರೀತಿಯಿಂದ ಇಟ್ಟವರ ಪ್ರಾಣಿ ಚೆನ್ನಾಗಿರುತ್ತದೆ ಅನ್ನುವುದು ಅವರ ಲೆಕ್ಕ. ನನ್ನ ಅನುಭವ ಹಾಗಿಲ್ಲ. ಆಮೆಯ ಹೆಸರಲ್ಲಿ ಹುಟ್ಟುಹಬ್ಬದ ಕೇಕ್ ಕತ್ತರಿಸುವ ಮನೆಯಲ್ಲೇ ಆ ಆಮೆಯ ಚಿಪ್ಪು ಒತ್ತಿದರೆ ಬಗ್ಗುತ್ತದೆ.

ಆ ಆಮೆಯನ್ನು ನೀವೆಲ್ಲ ನೋಡಿದ್ದೀರಿ. ಅಕ್ವೇರಿಯಂ ಅಂಗಡಿಯಲ್ಲಿ ಐದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು, ಹಸಿರು ಬಣ್ಣ, ಕಣ್ಣಿನ ಹಿಂದೆ ಕೆಂಪು ಪಟ್ಟಿ. ರೆಡ್ ಇಯರ್ಡ್ ಸ್ಲೈಡರ್. ಊರು ಅಮೆರಿಕ. ವಾಸ್ತು, ಫೆಂಗ್ ಶುಯಿ ಅಂತ ದುಡ್ಡು ಬರಲಿ ಎಂದು ಈಶಾನ್ಯ ಮೂಲೆಯಲ್ಲಿ ಇಡುವವರೂ ಇದ್ದಾರೆ. ಪ್ಲಾಸ್ಟಿಕ್ ಬುಟ್ಟಿ, ಎರಡು ಇಂಚು ನೀರು, ಅದರ ಮಧ್ಯೆ ಒಂದು ಪ್ಲಾಸ್ಟಿಕ್ ತೆಂಗಿನ ಮರ. ಊಟಕ್ಕೆ ಡಬ್ಬಿಯ ಒಣ ಸಿಗಡಿ. ಆರು ತಿಂಗಳಿಗೆ ಎರಡೂ ಕಣ್ಣು ಊದಿಕೊಂಡು ಮುಚ್ಚಿರುತ್ತದೆ. "ಕಣ್ಣಿಗೆ ಇನ್ಫೆಕ್ಷನ್, ಡ್ರಾಪ್ಸ್ ಕೊಡಿ" ಅಂತ ಬರುತ್ತಾರೆ. ವಿದ್ಯಾರ್ಥಿಯೂ ಡ್ರಾಪ್ಸ್ ಬರೆಯಲು ಪೆನ್ನು ತೆಗೆಯುತ್ತಾನೆ. ಆದರೆ ಅದು ಹೆಚ್ಚಾಗಿ ವಿಟಮಿನ್ ಎ ಕೊರತೆ. ಚಿಪ್ಪು ಮೆತ್ತಗಾಗಿರುವುದು ಕ್ಯಾಲ್ಸಿಯಂ ಮತ್ತು ಯು.ವಿ.ಬಿ. (ಬಿಸಿಲಿನಲ್ಲಿರುವ ಒಂದು ಬಗೆಯ ಅತಿನೇರಳೆ ಕಿರಣ) ಬೆಳಕು ಇಲ್ಲದ್ದಕ್ಕೆ. ಹುಳುವಿಗೆ ಅಂತ ಐವರ್ಮೆಕ್ಟಿನ್ ಚುಚ್ಚಿದರಂತೂ ಮುಗೀತು. ಹಸುವಿಗೂ ಕುರಿಗೂ ದಿನಾ ಕೊಡುವ ಆ ಔಷಧ ಆಮೆಯನ್ನು ಲಕ್ವ ಹೊಡೆಸಿ ಸಾಯಿಸುತ್ತದೆ.

"ಬಿಸಿಲು ಬೀಳುತ್ತೆ ಡಾಕ್ಟ್ರೇ, ಕಿಟಕಿ ಪಕ್ಕದಲ್ಲೇ ಇಟ್ಟಿದ್ದೀವಿ" ಅನ್ನುತ್ತಾರೆ. ಕಿಟಕಿಯ ಗಾಜು ಯು.ವಿ.ಬಿ.ಯನ್ನು ಒಳಗೆ ಬಿಡುವುದೇ ಇಲ್ಲ. ಲ್ಯಾಂಪ್ ಹಾಕಿದ್ದೀವಿ ಅನ್ನುವವರನ್ನೂ ಬಿಡಬೇಡಿ, ಯಾವಾಗ ತಂದಿದ್ದು ಅಂತ ಕೇಳಿ. ಯು.ವಿ.ಬಿ. ಲ್ಯಾಂಪ್ ಕಣ್ಣಿಗೆ ಬೆಳಗುತ್ತಲೇ ಇರುತ್ತದೆ, ಒಳಗಿನ ಸತ್ವ ಆರು ತಿಂಗಳಿಂದ ವರ್ಷದೊಳಗೆ ಇಳಿದುಹೋಗಿರುತ್ತದೆ. ನಮ್ಮ ಬೆಂಗಳೂರಿನ ಹವಾ ಎಲ್ಲರಿಗೂ ಹಿತ ಅಂತ ನಾವು ಹೆಮ್ಮೆಪಡುತ್ತೇವೆ ಅಲ್ವಾ. ಡಿಸೆಂಬರ್ ರಾತ್ರಿ 15–16 ಡಿಗ್ರಿಗೆ ಇಳಿಯುತ್ತದೆ. ಆಫ್ರಿಕಾದ ಹೆಬ್ಬಾವು ಬಾಲ್ ಪೈಥಾನ್‌ಗೆ ಪೆಟ್ಟಿಗೆಯ ಬಿಸಿ ತುದಿ 30–32 ಡಿಗ್ರಿ ಇರಬೇಕು. ತಣ್ಣಗಿನ ಹಾವಿಗೆ ತಿಂದದ್ದು ಅರಗುವುದಿಲ್ಲ, ವಾಂತಿ ಮಾಡುತ್ತದೆ. ನೀವು ಕೊಟ್ಟ ಆಂಟಿಬಯಾಟಿಕ್ ಕೂಡ ಪುಸ್ತಕದಲ್ಲಿ ಬರೆದ ಹಾಗೆ ಕೆಲಸ ಮಾಡುವುದಿಲ್ಲ. ಹಾಗಾಗಿ ಸರೀಸೃಪಕ್ಕೆ ಡೋಸ್ ಲೆಕ್ಕ ಹಾಕುವ ಮುಂಚೆ ಥರ್ಮಾಮೀಟರ್ ಇಡಿಸಿ. ಈ ಮಾತು ಪರೀಕ್ಷೆಯಲ್ಲಿ ಬರಲ್ಲ, ಆದರೆ ಹಾವು ಬದುಕುವುದು ಇದರಿಂದಲೇ.

ಹಕ್ಕಿಗಳದ್ದು ಬೇರೆ ಕಥೆ. ಜನ ಲವ್ ಬರ್ಡ್ಸ್ ಅಂತ ಕರೆದು ಸಾಕುವ ಬಜರಿಗಾರ್ ಆಸ್ಟ್ರೇಲಿಯಾದ್ದು, ತೂಕ 30–40 ಗ್ರಾಂ. ಹೆದರಿದ ವಿದ್ಯಾರ್ಥಿ ಅದನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿಯುತ್ತಾನೆ. ಹಕ್ಕಿಗೆ ನಮ್ಮ ಹಾಗೆ ವಪೆ (ಡಯಾಫ್ರಮ್) ಇಲ್ಲ, ಎದೆಗೂಡು ಮುಂದೆ ಹಿಂದೆ ಆಡಿದರೆ ಮಾತ್ರ ಉಸಿರು. ಎದೆ ಒತ್ತಿದರೆ ಕೈಯಲ್ಲೇ ಸಾಯುತ್ತದೆ. ಎರಡು ಬೆರಳಿನ ನಡುವೆ ತಲೆ, ಅಂಗೈ ಸಡಿಲ. ಇದನ್ನು ಓದಿ ಕಲಿಯಲು ಆಗಲ್ಲ, ಕೈಯಲ್ಲಿ ಹಿಡಿದೇ ಕಲಿಯಬೇಕು. ಇನ್ನು ಆಫ್ರಿಕನ್ ಗ್ರೇ ಗಿಳಿ. ಗುಂಪಿನಲ್ಲಿ ಬಾಳುವ, ತುಂಬಾ ಬುದ್ಧಿ ಇರುವ ಹಕ್ಕಿ, ನಲವತ್ತು ಐವತ್ತು ವರ್ಷ ಬದುಕಬಲ್ಲದು. ಕೆಲಸಕ್ಕೆ ಹೋಗುವ ಇಬ್ಬರ ಮನೆಯಲ್ಲಿ ದಿನಕ್ಕೆ ಹತ್ತು ಗಂಟೆ ಒಂಟಿ. ಎದೆಯ ಪುಕ್ಕವನ್ನೆಲ್ಲ ತಾನೇ ಕಿತ್ತುಕೊಂಡು ಬರುತ್ತದೆ. ತಲೆಯ ಪುಕ್ಕ ಮಾತ್ರ ಸರಿಯಾಗಿರುತ್ತದೆ, ಕೊಕ್ಕು ಅಲ್ಲಿಗೆ ಎಟುಕಲ್ಲ. ಆ ಗುರುತು ನೋಡಿದರೆ ಚರ್ಮದ ಮುಲಾಮಿಗಿಂತ ಮೊದಲು ಅದರ ದಿನಚರಿ ಕೇಳಬೇಕು ಅಂತ ಗೊತ್ತಾಗುತ್ತದೆ. ಅದೇ ಹಕ್ಕಿ ನಿಮ್ಮ ಟೇಬಲ್ ಮೇಲೆ ಕೂತು "ಹಲೋ, ಕಾಫಿ ಆಯ್ತಾ?" ಅನ್ನುತ್ತದೆ. ಎಲ್ಲರೂ ನಗುತ್ತಾರೆ. ಮಾತಾಡುವ ಹಕ್ಕಿ ಖುಷಿಯಾಗಿದೆ ಅಂತ ಅಂದುಕೊಳ್ಳುವುದು ಎಷ್ಟು ಸುಲಭ ನೋಡಿ.

ವಿದ್ಯಾರ್ಥಿಗಳ ಅಭಿಪ್ರಾಯ ತಯಾರಾಗುವುದು ಕ್ಲಾಸಿನಲ್ಲಿ ಮಾತ್ರ ಅಲ್ಲ, ಮೊಬೈಲಿನಲ್ಲೂ. ಸ್ಲೋ ಲೋರಿಸ್ ಅನ್ನುವ ದೊಡ್ಡ ಕಣ್ಣಿನ ಪುಟ್ಟ ಪ್ರಾಣಿಗೆ ಕಂಕುಳಲ್ಲಿ ಕಚಗುಳಿ ಇಡುವ ವಿಡಿಯೋ ಪ್ರಪಂಚವೆಲ್ಲ ಓಡಾಡಿತು. ಅದು ಎರಡೂ ಕೈ ಮೇಲೆತ್ತಿ ಮಜಾ ಮಾಡುತ್ತಿದೆ ಅಂತ ಎಲ್ಲರೂ ಅಂದುಕೊಂಡರು. ಆ ಜಾತಿಯ ಲೋರಿಸ್‌ಗೆ ತೋಳಿನಲ್ಲಿ ಒಂದು ಗ್ರಂಥಿ ಇದೆ. ಹೆದರಿದಾಗ ಕೈ ಎತ್ತಿ, ಆ ರಸವನ್ನು ಎಂಜಲಿನ ಜೊತೆ ಸೇರಿಸಿ, ಕಚ್ಚಲು ವಿಷ ಸಿದ್ಧ ಮಾಡಿಕೊಳ್ಳುತ್ತದೆ. ಅಂದರೆ ನಾವು ಲೈಕ್ ಒತ್ತಿದ್ದು ಅದರ ಭಯಕ್ಕೆ. ಅದರ ದಾಯಾದಿ ಕಾಡುಪಾಪ ನಮ್ಮ ತುಮಕೂರಿನ ಕಡೆ ಮರಗಳಲ್ಲೇ ಇದೆ. ಒಬ್ಬ ವಿದ್ಯಾರ್ಥಿ "ಅದನ್ನು ಸಾಕಬಹುದಾ ಮೇಡಂ?" ಅಂತ ಕೇಳಿದ್ದ. ಸಾಕುವ ಹಾಗಿಲ್ಲ ಕಣೋ ಅಂತ ಹೇಳಿದೆ. ಅವನಿಗೆ ಕಾನೂನು ಗೊತ್ತಿರಲಿಲ್ಲ ಅನ್ನುವುದಕ್ಕಿಂತ, ಸಾಕಬೇಕು ಅಂತ ಆಸೆ ಹುಟ್ಟಿತಲ್ಲ ಅನ್ನುವುದು ನನ್ನನ್ನು ಕಾಡಿತು.

ವೆಲ್ಫೇರ್ ಅಂದ ಕೂಡಲೇ ನೀವು ಐದು ಸ್ವಾತಂತ್ರ್ಯಗಳನ್ನು ಬಾಯಿಪಾಠ ಒಪ್ಪಿಸುತ್ತೀರಿ. ಹಸಿವು ಬಾಯಾರಿಕೆ, ಅನಾನುಕೂಲ, ನೋವು ಕಾಯಿಲೆ, ಭಯ, ಸಹಜ ನಡವಳಿಕೆ. ಅದರ ಬೇರು 1965ರ ಬ್ರಿಟನ್ನಿನ ಬ್ರಾಂಬೆಲ್ ಸಮಿತಿಯ ವರದಿ. ಕೊಟ್ಟಿಗೆಯ ಕರು, ಪಂಜರದ ಕೋಳಿ ನೋಡಿ ಬರೆದದ್ದು. ಪಟ್ಟಿಯಾಗಿ ಗಟ್ಟಿಯಾದದ್ದು 1979ರ ನಂತರ. ಒಳ್ಳೆಯ ಪಟ್ಟಿಯೇ. ಆದರೆ ಕೋಳಿ ಎರಡು ರೆಕ್ಕೆ ಬಿಚ್ಚಬೇಕು ಅಂತ ನಮಗೆ ತಟ್ಟನೆ ಗೊತ್ತಾಗುತ್ತದೆ. ಹಾವಿಗೆ ಸಹಜ ನಡವಳಿಕೆ ಅಂದರೆ ಏನು? ಹಾವು ಸುರುಳಿ ಸುತ್ತಿಕೊಂಡೇ ಇರುತ್ತೆ, ಸಣ್ಣ ಡಬ್ಬಿ ಸಾಕು ಅಂತ ಸಾಕುವವರು ಎಷ್ಟೋ ವರ್ಷ ವಾದ ಮಾಡಿದರು. ಮೈ ಪೂರ್ತಿ ಉದ್ದಕ್ಕೆ ಚಾಚಲೂ ಆಗದ ಪೆಟ್ಟಿಗೆಯಲ್ಲಿ ಇಟ್ಟರೆ ಅದು ಸುರುಳಿ ಸುತ್ತದೆ ಇನ್ನೇನು ಮಾಡೀತು? ನನಗೆ ಈ ವಾದದಲ್ಲಿ ಅನುಮಾನವೇ ಇಲ್ಲ. ಚಾಚಲು ಜಾಗ ಇಲ್ಲದಿದ್ದರೆ ಅದು ಮನೆ ಅಲ್ಲ, ಗೋಡೌನ್. 1994ರಲ್ಲಿ ನ್ಯೂಜಿಲೆಂಡಿನ ಡೇವಿಡ್ ಮೆಲ್ಲರ್ ಮತ್ತು ಜೊತೆಗಾರರು ಐದು ವಲಯ ಅಂತ ಬೇರೆ ದಾರಿ ಹಾಕಿದರು. ಆಹಾರ, ಪರಿಸರ, ಆರೋಗ್ಯ, ನಡವಳಿಕೆ, ಈ ನಾಲ್ಕೂ ಸೇರಿ ಪ್ರಾಣಿಯ ಮನಸ್ಸಿಗೆ ಏನಾಗುತ್ತಿದೆ ಅನ್ನುವುದು ಐದನೆಯದು. ಎಕ್ಸಾಟಿಕ್ ಪ್ರಾಣಿಗೆ ಇದೇ ಒಗ್ಗುತ್ತದೆ. ಕಷ್ಟ ತಪ್ಪಿಸಿದರೆ ಸಾಲದು, ಅದಕ್ಕೆ ಮಾಡಲು ಏನಾದರೂ ಕೆಲಸ ಇದೆಯಾ ಅಂತ ಕೇಳಿಸುತ್ತದೆ.

ಕಾನೂನು ಸ್ವಲ್ಪ ಹೇಳಿ ಮುಂದೆ ಹೋಗುತ್ತೇನೆ. 1972ರ ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದಕ್ಕೂ ಮುಂಚೆ ನಮ್ಮ ಕಾಯ್ದೆ ಮುಖ್ಯವಾಗಿ ನಮ್ಮ ಕಾಡಿನ ಪ್ರಾಣಿಗಳದ್ದು. ಹೊರದೇಶದ ಪ್ರಾಣಿ ಒಮ್ಮೆ ಒಳಗೆ ಬಂದರೆ ಕೇಳುವವರು ಕಡಿಮೆ. ಈಗ ಸೈಟಿಸ್ (ಕಾಡುಜೀವಿಗಳ ವ್ಯಾಪಾರಕ್ಕೆ ಮಿತಿ ಹಾಕುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯ ಪ್ರಾಣಿಗಳು ನಾಲ್ಕನೇ ಅನುಸೂಚಿಯಲ್ಲಿವೆ. 2024ರ ಫೆಬ್ರವರಿ 28ರ ನಿಯಮದ ಪ್ರಕಾರ ಇಂಥ ಪ್ರಾಣಿ ಇಟ್ಟವರು ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಬೇಕು. ಆಗ ಆರು ತಿಂಗಳು ಗಡುವು ಕೊಟ್ಟಿದ್ದರು. ತಮಾಷೆ ಏನು ಗೊತ್ತಾ, ವಿದ್ಯಾರ್ಥಿಗಳು ಅಕ್ವೇರಿಯಂ ಆಮೆ ನೋಡಿ "ಕೇಸ್ ಆಗುತ್ತಾ ಮೇಡಂ" ಅಂತ ಹೆದರುತ್ತಾರೆ. ಅಜ್ಜಿ ಮನೆಯ ಪಂಜರದಲ್ಲಿರುವ ಹಸಿರು ಗಿಳಿ ನೋಡಿ ಯಾರೂ ಹೆದರುವುದಿಲ್ಲ. ಆ ಗಿಳಿ ಎಕ್ಸಾಟಿಕ್ಕೇ ಅಲ್ಲ, ನಮ್ಮ ಕಾಡಿನದು. ಇಡುವುದೇ ಅಪರಾಧ. ನಕ್ಷತ್ರ ಆಮೆಯೂ ಅಷ್ಟೇ.

ಕಾನೂನು ಬಂದ ಮೇಲೂ ಸಾಮಾನು ಬರುವುದು ನಿಂತಿಲ್ಲ. 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಬಂದ ಲಗೇಜು ಬಿಚ್ಚಿದಾಗ 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪ ಸಿಕ್ಕವು. ಜೊತೆಗೆ 6 ಕಪುಚಿನ್ ಕೋತಿ, ಆರೂ ಸತ್ತಿದ್ದವು. ನಿಮ್ಮ ಟೇಬಲ್ಲಿಗೆ ಬರುವ ಮುದ್ದಾದ ಪ್ರಾಣಿಯ ಹಿಂದೆ ದಾರಿಯಲ್ಲಿ ಸತ್ತವು ಎಷ್ಟು ಅಂತ ಬಿಲ್ಲಿನಲ್ಲಿ ಬರೆದಿರುವುದಿಲ್ಲ. ಬೇರೆ ಕೆಲವು ದೇಶಗಳು ಇದನ್ನು ತಿರುಗಿಸಿ ನೋಡುತ್ತಿವೆ. ಯಾವುದು ಬೇಡ ಅಂತ ಪಟ್ಟಿ ಮಾಡುವ ಬದಲು ಯಾವುದನ್ನು ಮಾತ್ರ ಸಾಕಬಹುದು ಅಂತ ಪಟ್ಟಿ ಮಾಡುವುದು. ನೆದರ್ಲೆಂಡ್ಸಿನಲ್ಲಿ 2024ರ ಜುಲೈ 1ರಿಂದ ಸಸ್ತನಿಗಳಿಗೆ ಇಂಥ ಪಟ್ಟಿ ಇದೆ, 30 ಜಾತಿ ಅಷ್ಟೇ. ನಮ್ಮಲ್ಲೂ ಅಂಥದ್ದು ಬಂದರೆ ನಾನು ಎರಡೂ ಕೈ ಎತ್ತುತ್ತೇನೆ.

ಕೊನೆಯಲ್ಲಿ ಕೆಲವು ಪ್ರಶ್ನೆಗಳು ಬಂದವು. ಎರಡನ್ನು ಇಲ್ಲಿ ಬರೆಯುತ್ತೇನೆ.

ಮೂರನೇ ವರ್ಷದ ಹುಡುಗಿಯೊಬ್ಬಳು ಕೇಳಿದಳು: "ಮೇಡಂ, ಕಳ್ಳಸಾಗಣೆಯಲ್ಲಿ ಬಂದಿರಬಹುದಾದ ಪ್ರಾಣಿಗೆ ಚಿಕಿತ್ಸೆ ಕೊಟ್ಟರೆ ನಾವೂ ಆ ವ್ಯಾಪಾರಕ್ಕೆ ಸಹಾಯ ಮಾಡಿದ ಹಾಗಲ್ವಾ?" ಒಳ್ಳೆಯ ಪ್ರಶ್ನೆ. ಎದುರಿಗೆ ನರಳುತ್ತಿರುವ ಪ್ರಾಣಿ ತನ್ನ ಟಿಕೆಟ್ ತಾನೇ ಕೊಂಡು ಬಂದಿಲ್ಲ. ಮೊದಲು ಅದರ ನೋವು ಇಳಿಸಿ. ಆಮೇಲೆ ಮನೆಯವರನ್ನು ಕೂರಿಸಿ ಕಾನೂನು ಹೇಳಿ, ಅರಣ್ಯ ಇಲಾಖೆಯ ದಾರಿ ತೋರಿಸಿ. ಬೈದು ಕಳಿಸಿದರೆ ಅವರು ಮತ್ತೆ ಯಾವ ಡಾಕ್ಟರ ಹತ್ತಿರವೂ ಹೋಗುವುದಿಲ್ಲ, ಪ್ರಾಣಿ ಮನೆಯಲ್ಲೇ ಸಾಯುತ್ತದೆ. ಆದರೆ ಇನ್ನೊಂದು ತರ್ತೀನಿ ಅಂದವರಿಗೆ ಬೇಡ ಅಂತ ಮುಖದ ಮೇಲೇ ಹೇಳುವ ಧೈರ್ಯವೂ ಇರಬೇಕು. ಆ ಧೈರ್ಯ ನಮ್ಮಲ್ಲಿ ಕಡಿಮೆ. ಗಿರಾಕಿ ತಪ್ಪುತ್ತಾರೆ ಅನ್ನುವ ಭಯ ಡಾಕ್ಟರಿಗೂ ಇರುತ್ತದೆ, ಸುಮ್ನೆ ಯಾಕೆ ಮುಚ್ಚಿಡೋದು.

ಹಿಂದಿನ ಸಾಲಿನಿಂದ ಒಬ್ಬರು ಎದ್ದು, "ನಮ್ಮ ಆಮೆ ಊಟದ ತಟ್ಟೆಯಷ್ಟು ದೊಡ್ಡದಾಗಿದೆ, ಕೆರೆಗೆ ಬಿಡೋಣ ಅಂತಿದ್ದೀವಿ" ಅಂದರು. ದಯವಿಟ್ಟು ಬಿಡಬೇಡಿ. ಹೆಣ್ಣು ಸ್ಲೈಡರ್ ಸುಮಾರು ಒಂದಡಿ ಬೆಳೆಯುತ್ತದೆ, ಇಪ್ಪತ್ತು ಮೂವತ್ತು ವರ್ಷ ಬದುಕುತ್ತದೆ. ಜಗತ್ತಿನ ನೂರು ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಕೆರೆಗೆ ಬಿಟ್ಟರೆ ನಮ್ಮ ಆಮೆಗಳ ಬಿಸಿಲಿನ ಜಾಗ, ಊಟ ಎರಡಕ್ಕೂ ಕೈ ಹಾಕುತ್ತದೆ. ದೇವಸ್ಥಾನದ ಕಲ್ಯಾಣಿಗೂ ಬೇಡ. ದೊಡ್ಡ ತೊಟ್ಟಿ ಮಾಡಿ, ನೀರು ಆಳ ಇರಲಿ, ಮೈ ಒಣಗಿಸಿಕೊಳ್ಳಲು ಒಂದು ಕಲ್ಲು, ನೇರ ಬಿಸಿಲು ಮತ್ತು ಸ್ವಲ್ಪ ನೆರಳು. ತಾರಸಿ ಇದ್ದರೆ ಇದು ಕಷ್ಟ ಅಲ್ಲ. ಆಮೆ ಮುಟ್ಟಿದ ಮೇಲೆ ಮಕ್ಕಳು ಸೋಪು ಹಾಕಿ ಕೈ ತೊಳೆಯಲಿ, ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾದಿಂದ ಕಾಯಿಲೆ ಬರುತ್ತದೆ. ಮಕ್ಕಳಿಗೆ ಬಂತು ಅಂತಲೇ ಅಮೆರಿಕ 1975ರಲ್ಲಿ 4 ಇಂಚಿಗಿಂತ ಸಣ್ಣ ಆಮೆ ಮಾರುವುದನ್ನು ನಿಷೇಧಿಸಿತು. ತೊಟ್ಟಿ ಮಾಡಲು ಆಗಲ್ಲ ಅಂದರೆ ಜಾಗ ಇರುವ, ಗೊತ್ತಿರುವ ಸಾಕಣೆಗಾರರನ್ನು ಹುಡುಕಿ, ಕಾಗದ ಪತ್ರ ಸರಿ ಮಾಡಿಕೊಂಡು ಕೊಡಿ. ಸಿಗುವುದು ಕಷ್ಟ, ಎಲ್ಲರ ಆಮೆಯೂ ಈಗ ದೊಡ್ಡದಾಗಿದೆ.